ಹಸಿರು ಬೋರ್ಡಿನ ಮೇಲೆ ಕನ್ನಡದ ಚೀಟಿ

ಹೋದ ತಿಂಗಳು ರೌಸ್ ಹಿಲ್‌ನ ಮಾಲ್‌ಗೆ ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದೆ. ಹೊರಗೆ ಜುಲೈ ತಿಂಗಳ ಜಿಟಿಜಿಟಿ ಮಳೆ. ಪಾಪ್‌ಕಾರ್ನ್ ಕ್ಯೂನಲ್ಲಿ ನನ್ನ ಮುಂದೆ ನಿಂತಿದ್ದ ಮುದುಕಪ್ಪನ ಉಣ್ಣೆ ಕೋಟು ಪೂರಾ ನೆನೆದಿತ್ತು. ಬಿಸಿ ಬೆಣ್ಣೆಯ ವಾಸನೆ, ಒದ್ದೆ ಉಣ್ಣೆಯ ವಾಸನೆ, ಎರಡೂ ಸೇರಿ ಮೂಗಿಗೆ ಬಡಿದದ್ದೇ ತಡ, ನಾನು ಸಿಡ್ನಿಯಲ್ಲಿ ಇರಲೇ ಇಲ್ಲ. ಕೌಂಟರಿನ ಹುಡುಗಿ ಎರಡು ಸಲ ಕೂಗಿದಳಂತೆ. ಮಗಳು ತೋಳು ಹಿಡಿದು ಅಲ್ಲಾಡಿಸಿ, "ಆರ್ ಯು ಓಕೆ, ಅಪ್ಪ?" ಅಂದಳು. "ಕಣ್ಣಿಗೆ ಉಪ್ಪು ಹಾರಿತು ಕಂದ" ಅಂದೆ. ಹನ್ನೆರಡು ವರ್ಷದ ಹುಡುಗಿಗೆ ಹೇಳೋದಕ್ಕೆ ಇನ್ನೇನಿದೆ?

ಆ ವಾಸನೆ ಮೆಲ್ಬರ್ನ್‌ನದು. ಎರಡು ಸಾವಿರದ ದಶಕದ ನಡುವಿನ ಒಂದು ಚಳಿಗಾಲದ್ದು, ಅಂದರೆ ಇಲ್ಲಿನ ಜೂನ್-ಜುಲೈ. ಆಗ ನನ್ನ ಅಕೌಂಟಿಂಗ್ ಕೋರ್ಸ್ ಮುಗಿದಿತ್ತು, ಇಲ್ಲೇ ಖಾಯಂ ಆಗಿ ನೆಲೆಸೋ ಪರವಾನಗಿ ಪಿಆರ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದೆ. ತುಮಕೂರಿನಿಂದ ಅಮ್ಮ ವಾರಕ್ಕೊಮ್ಮೆ ಫೋನ್ ಮಾಡಿ, "ಏನಾಯ್ತೋ ಪ್ರಸನ್ನ, ಬಂತೇನೋ ಅದು?" ಅಂತ ಕೇಳೋರು. ಅದು ಬರೋವರೆಗೆ ಹೊಟ್ಟೆಪಾಡು ನಡೀಬೇಕಲ್ಲ? ಬಾಕ್ಸ್ ಹಿಲ್‌ನಲ್ಲಿ ನಾಲ್ಕು ಜನ ಹುಡುಗರ ಜೊತೆ ಒಂದು ಮನೆ, ಅಲ್ಲಿಂದ ಟ್ರಾಮ್ ಹತ್ತಿದರೆ ಕಾಲು ಗಂಟೆ ದೂರದಲ್ಲಿ ಒಂದು ಹಳೇ ಥಿಯೇಟರಿನಲ್ಲಿ ಕೆಲಸ. ಒಂದೇ ಪರದೆ, ಕೆಂಪು ಮಖಮಲ್ಲಿನ ಸವೆದ ಸೀಟು, ಮಳೆ ಬಂದರೆ ಮೂರನೇ ಸಾಲಿನ ಪಕ್ಕ ಬಕೆಟ್ ಇಡಬೇಕು. ಟಿಕೆಟ್ ಹರಿಯೋನೂ ನಾನೇ, ಪಾಪ್‌ಕಾರ್ನ್ ಹುರಿಯೋನೂ ನಾನೇ, ಬಕೆಟ್ ಚೆಲ್ಲೋನೂ ನಾನೇ.

ಥಿಯೇಟರಿನ ಒಡತಿ ಹೆಲೆನ್. ಅರವತ್ತು ದಾಟಿದ ಹೆಂಗಸು, ಯಾವಾಗಲೂ ಕುತ್ತಿಗೆಗೆ ಕನ್ನಡಕ ನೇತಾಡಿಸಿಕೊಂಡು ಓಡಾಡೋಳು. ಅವಳದೊಂದು ಪದ್ಧತಿ ಇತ್ತು. ಸಿನಿಮಾ ಬಿಟ್ಟ ಮೇಲೆ ಹೊರಬಾಗಿಲ ಹತ್ತಿರ ಒಂದು ಮೇಜು, ಅದರ ಮೇಲೆ ಹಳದಿ ಚೀಟಿಗಳು, ದಾರ ಕಟ್ಟಿದ ಪೆನ್ಸಿಲ್‌ಗಳು, ಒಂದು ಬಿಸ್ಕತ್ತಿನ ಡಬ್ಬ. ಬೇಕಾದವರು ಅನಿಸಿದ್ದನ್ನ ಬರೆದು ಡಬ್ಬಕ್ಕೆ ಹಾಕಬಹುದು. ಹೆಸರು ಹಾಕಬೇಕಿಲ್ಲ. ಮಾರನೇ ಬೆಳಗ್ಗೆ ನಾನು ಡಬ್ಬ ಬಗ್ಗಿಸಿ, ಎಲ್ಲವನ್ನೂ ಒಳಾಂಗಣದ ಹಸಿರು ಬೋರ್ಡಿಗೆ ಪಿನ್ ಹೊಡೆಯಬೇಕು. ಹೊಗಳಿದ್ದರೂ ಸರಿ, ಉಗಿದಿದ್ದರೂ ಸರಿ. "ಒಂದನ್ನೂ ಬಿಡಬೇಡ, ಒಂದನ್ನೂ ತಿದ್ದಬೇಡ, ಸಿನಿಮಾ ಬದಲಾಗೋವರೆಗೆ ಒಂದನ್ನೂ ಕೀಳಬೇಡ" ಅಂತ ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದಳು. ಇನ್ನೊಂದು ನಿಯಮವೂ ಇತ್ತು. ಕೆಲಸದವರೂ ಪ್ರತಿ ಸಿನಿಮಾ ನೋಡಿ ಒಂದು ಚೀಟಿ ಬರೆಯಲೇಬೇಕು.

ಆ ಚಳಿಗಾಲ ಐದು ವಾರ ಓಡಿದ್ದು ಒಂದು ಇಲ್ಲಿನದೇ ಸಿನಿಮಾ. ಸಿಡ್ನಿಯ ಕಡಲ ದಂಡೆಯ ಸಬರ್ಬ್ ಒಂದರಲ್ಲಿ ಒಬ್ಬ ಬೇಕರಿ ಕೆಲಸದ ಹುಡುಗ, ಮಕ್ಕಳಿಗೆ ಈಜು ಕಲಿಸೋ ಒಬ್ಬ ಹುಡುಗಿ. ಭಾರಿ ಪ್ರೀತಿ. ಹುಡುಗನಿಗೆ ಹೆರಾಯಿನ್ ಚಟ, ಅವನಿಂದ ಅವಳಿಗೂ ಹತ್ತುತ್ತೆ. ಮೊದಲ ಅರ್ಧ ಗಂಟೆ ಇಬ್ಬರೂ ನಗುತ್ತಲೇ ಇರುತ್ತಾರೆ. ಆಮೇಲೆ ಸೂಜಿ, ಸುಳ್ಳು, ಕಳ್ಳತನ. ಹುಡುಗಿ ಮಳೆಯಲ್ಲಿ ನಿಂತು ಬಾಗಿಲು ಬಡಿದರೂ ಅವಳ ತಾಯಿ ತೆಗೆಯೋದಿಲ್ಲ. ಕೊನೆಗೆ ಇಬ್ಬರೂ ಚಟ ಬಿಡಿಸೋ ಕೇಂದ್ರಕ್ಕೆ ಹೋಗೋಣ ಅಂತ ಚೀಲ ಹಿಡಿದು ಬಸ್‌ಸ್ಟಾಪಿಗೆ ಬರುತ್ತಾರೆ. ಬಸ್ಸು ಬರುತ್ತೆ. ಅವಳು ಹತ್ತುತ್ತಾಳೆ. ಅವನು ಹತ್ತೋದಿಲ್ಲ. ಬಸ್ಸು ಹೊರಟುಹೋಗುತ್ತೆ, ಪರದೆ ಕಪ್ಪಾಗುತ್ತೆ. ಅಷ್ಟೇ.

ಅಯ್ಯೋ, ಆ ಬಸ್ಸು ಎಬ್ಬಿಸಿದ ಗಲಾಟೆಯೇ! ಡಬ್ಬ ದಿನಾ ತುಂಬುತ್ತಿತ್ತು. "ಹತ್ತದೇ ನಿಂತನಲ್ಲ, ಅವಳನ್ನ ಉಳಿಸಿದ್ದೇ ಅದು" ಅಂತ ಒಬ್ಬರು. "ಹೇಡಿ" ಅಂತ ಇನ್ನೊಬ್ಬರು, ಒಂದೇ ಪದ, ಪೆನ್ಸಿಲ್ ಚೀಟಿಯನ್ನ ತೂತು ಮಾಡಿತ್ತು. "ಸೀಟು ಗಟ್ಟಿ, ಸಿನಿಮಾ ಅದಕ್ಕಿಂತ ಗಟ್ಟಿ." "ಸೂಜಿ ತೋರಿಸಿದಾಗಲೆಲ್ಲ ನನ್ನ ಗಂಡ ಕಣ್ಣು ಮುಚ್ಚಿಕೊಂಡ. ಅವನು ಹಲ್ಲಿನ ಡಾಕ್ಟರು." "ಆ ಹುಡುಗಿಗೆ ಈಜೇ ಬರೋದಿಲ್ಲ, ಕೈ ಬೀಸೋದು ನೋಡಿದರೆ ಗೊತ್ತಾಗುತ್ತೆ. ಇಂತಿ, ಈಜು ಮಾಸ್ತರು." ನಡುವೆ ಒಂದು, "ನನ್ನ ಮಗಳು ಆ ಬಸ್ಸು ಹತ್ತಿದಳು. ಆರು ವರ್ಷವಾಯಿತು. ಚೆನ್ನಾಗಿದ್ದಾಳೆ." ಅದನ್ನ ಮಾತ್ರ ಎಲ್ಲರ ಕಣ್ಣಿಗೆ ಬೀಳೋ ಎತ್ತರಕ್ಕೆ ಪಿನ್ ಮಾಡಿದೆ.

ಒಬ್ಬ ಅಜ್ಜಿ ಬುಧವಾರದ ಮಧ್ಯಾಹ್ನದ ಆಟಕ್ಕೆ ಬರೋರು. ಒಂದೇ ಸಿನಿಮಾ, ಮೂರು ಬುಧವಾರ. ಮೊದಲ ವಾರ ಬರೆದದ್ದು, "ತಾಯಿ ಬಾಗಿಲು ತೆಗೆಯಬೇಕಿತ್ತು." ಎರಡನೇ ವಾರವೂ ಅದೇ ಮಾತು, ಅದೇ ನಡುಗುವ ಅಕ್ಷರ. ಮೂರನೇ ವಾರ, "ತೆಗೆದಿದ್ದರೆ ಏನು ಮಾಡುತ್ತಿದ್ದಳು, ಪಾಪ."

ನಮ್ಮವರ ಅಭಿಪ್ರಾಯವೂ ಒಂದು ಸಿಕ್ಕಿತು. ಅಲ್ಲಿ ನಮಗೆಲ್ಲ ಊಟ ಹಾಕಿ ಸಾಕಿದವರು ಪದ್ಮಾ ಆಂಟಿ ಮತ್ತು ಅವರ ಯಜಮಾನರು. ನನಗೆ ಸಿಗುತ್ತಿದ್ದ ಪಾಸಿನಲ್ಲಿ ಇಬ್ಬರನ್ನೂ ಕರೆದೆ. ನಾನಿನ್ನೂ ಸಿನಿಮಾ ನೋಡಿರಲಿಲ್ಲ. ಪೋಸ್ಟರಿನಲ್ಲಿ ಹುಡುಗ ಹುಡುಗಿ ಸಮುದ್ರದ ಮುಂದೆ ನಗುತ್ತಾ ನಿಂತಿದ್ದರು, ಒಳ್ಳೇ ಲವ್ ಸ್ಟೋರಿ ಆಂಟಿ ಅಂದುಬಿಟ್ಟೆ. ಆಂಟಿ ರೇಷ್ಮೆ ಶಾಲು ಹೊದ್ದು, ಪರ್ಸಿನಲ್ಲಿ ಕೋಡುಬಳೆ ಕಟ್ಟಿಕೊಂಡು ಬಂದರು. ಮುಕ್ಕಾಲು ಗಂಟೆಗೆ ಹೊರಗೆ ಬಂದು, "ಏನೋ ಇದು ಪ್ರಸನ್ನ, ಕರ್ಮ! ಇದನ್ನ ನಾನು ನಿಮ್ಮಂಕಲ್ ಪಕ್ಕ ಕೂತು ನೋಡ್ಲಾ?" ಅಂತ ನನ್ನ ಕಿವಿ ಹಿಂಡಿದರು. ಅಂಕಲ್ ಪೂರ್ತಿ ನೋಡಿಕೊಂಡು ಬಂದು, ಕನ್ನಡಕ ಒರೆಸುತ್ತಾ, "ಆ ಹುಡುಗನಿಗೆ ಯಾರಾದ್ರೂ ಒಂದು ಖಾಯಂ ಕೆಲ್ಸ ಕೊಡಿಸಿದ್ರೆ ಸರಿಹೋಗ್ತಿದ್ದ ಕಣಯ್ಯಾ" ಅಂದರು.

ಈ ಎಲ್ಲವನ್ನೂ ನಾನು ಒಂದು ಕಾಗದಕ್ಕೆ ಇಳಿಸಿಕೊಂಡು ಹೋಗಿ ಹೇಳುತ್ತಿದ್ದದ್ದು ರೇಣುಕಾಗೆ.

ರೇಣು ದಾವಣಗೆರೆಯವಳು. ಬಾಕ್ಸ್ ಹಿಲ್ ಆಸ್ಪತ್ರೆಯಲ್ಲಿ ನರ್ಸು. ಪದ್ಮಾ ಆಂಟಿ ಮನೆಯ ಊಟದಲ್ಲೇ ಪರಿಚಯ. ಮಂಗಳವಾರ ಇಬ್ಬರಿಗೂ ಸಂಜೆ ಬಿಡುವು. ಅವಳ ಬಾಡಿಗೆ ರೂಮಿನ ಪುಟ್ಟ ಅಡಿಗೆಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಹಾಕೋಳು, ಮೆಣಸಿನಕಾಯಿ ಬಜ್ಜಿ ಕರಿಯೋಳು, ಹೊಗೆಯ ಅಲಾರಂ ಹೊಡೆದುಕೊಳ್ಳೋದು, ನಾನು ಕುರ್ಚಿ ಹತ್ತಿ ಅದಕ್ಕೆ ಟವೆಲ್ ಬೀಸೋನು. ಆಮೇಲೆ ಕೂತು ವಾರದ ಚೀಟಿಗಳ ವರದಿ. ಇಂಗ್ಲಿಷಿನಲ್ಲಿ ಬರೆದದ್ದನ್ನ ನಾನು ಕನ್ನಡದಲ್ಲಿ, ಬೇರೆಬೇರೆ ದನಿ ಮಾಡಿ ಓದೋನು. ಹಲ್ಲಿನ ಡಾಕ್ಟರಿಗೆ ಅವಳು ಬಿದ್ದೂ ಬಿದ್ದೂ ನಕ್ಕಳು. ಅಜ್ಜಿಗೆ ಮಾತ್ರ ನಗಲಿಲ್ಲ. "ಈ ವಾರ ಅಜ್ಜಿ ಏನು ಬರೆದ್ರು?" ಅಂತ ನಾನು ಶೂ ಬಿಚ್ಚೋ ಮೊದಲೇ ಕೇಳೋಳು. ಆ ಮಗಳು ಬಸ್ಸು ಹತ್ತಿದ ಚೀಟಿಯನ್ನಂತೂ ಎರಡು ಸಲ ಓದಿಸಿದಳು. "ಆರು ವರ್ಷ ಅಂತ ಬರ್ದಿದ್ರಾ? ಸರಿಯಾಗಿ ನೋಡಿದ್ಯಾ?"

"ನಿಂಗ್ಯಾಕೇ ಅಷ್ಟು ಆಸಕ್ತಿ? ನರ್ಸಮ್ಮ ಅಲ್ವಾ, ಕೇಸ್ ಸಿಕ್ಕಿದ ಹಾಗೆ ಆಡ್ತೀಯಾ" ಅಂತ ಛೇಡಿಸಿದೆ.

"ಹೋಗೋ" ಅಂದಳು, ಬಜ್ಜಿ ತಿರುವಿ ಹಾಕುತ್ತಾ.

ಅವಳಿಗೊಬ್ಬ ಅಣ್ಣ ಇದ್ದ. ಫೋಟೋ ಗೋಡೆಗಿತ್ತು, ಬುಲೆಟ್ ಮೇಲೆ ಕೂತು ನಗುತ್ತಿದ್ದ. ಏನು ಮಾಡ್ತಾರೆ ಅಂತ ಒಮ್ಮೆ ಕೇಳಿದ್ದೆ. "ಮನೇಲಿದ್ದಾನೆ" ಅಂದಿದ್ದಳು. ಬಿಸಿನೆಸ್ಸು ಗಿಸಿನೆಸ್ಸು ನೋಡಿಕೊಂಡಿರಬಹುದು ಅಂದುಕೊಂಡು ಮುಂದೆ ಹೋದೆ. ನನಗೆ ನನ್ನದೇ ಲೆಕ್ಕಾಚಾರ. ಪಿಆರ್ ಬಂದ ದಿನವೇ ಅವಳನ್ನ ಕೇಳೋದು, ಅಮ್ಮನಿಗೆ ಆಮೇಲೆ ಹೇಳೋದು. ಅವಳಿಗೂ ಅದು ಗೊತ್ತಿತ್ತು. ಗೊತ್ತಿಲ್ಲದೆ ಏನು, ನನ್ನ ಮುಖವೇ ಬೋರ್ಡು ಹಾಕಿಕೊಂಡಿತ್ತು. ಮೂರನೇ ಮಂಗಳವಾರ ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ, "ಪ್ರಸನ್ನ, ನಮ್ಮನೆ ವಿಷಯ ಒಂದು ನಿಂಗೆ ಹೇಳ್ಬೇಕು ಕಣೋ. ಈ ಭಾನುವಾರ ಬಾ. ನೀನು ಕೇಳೋಕ್ಕಿಂತ ಮುಂಚೆ ನಾನು ಹೇಳಿರ್ಬೇಕು" ಅಂದಳು. ಟ್ರಾಮ್ ಹತ್ತದೆ ಮನೆವರೆಗೂ ನಡೆದೇ ಹೋದೆ. ಅಷ್ಟು ಖುಷಿ.

ಈಗ ನನ್ನ ಚೀಟಿಯ ವಿಷಯ. ಹೇಳೋದಕ್ಕೆ ಈಗಲೂ ನಾಲಿಗೆ ತಡವರಿಸುತ್ತೆ.

ನಾವೆಲ್ಲ ಒಂದು ಚಟಕ್ಕೆ ಬಿದ್ದಿದ್ದೆವು, ಪರದೇಶದಲ್ಲಿರೋ ಕನ್ನಡದವರಿಗೆಲ್ಲ ಇರೋ ಚಟ. ಟ್ರಾಮಿನಲ್ಲಿ ಎದುರಿಗೆ ಕೂತವನ ಮೂಗು, ಕ್ಯೂನಲ್ಲಿ ನಿಂತವಳ ಟೋಪಿ, ಎಲ್ಲದರ ಬಗ್ಗೆಯೂ ಕನ್ನಡದಲ್ಲಿ ಜೋರಾಗಿ ಮಾತಾಡೋದು. ಯಾರಿಗೆ ಗೊತ್ತಾಗುತ್ತೆ? ಬಾಯಿಗೆ ಬಂದದ್ದು ಅಂದರೂ ನಡೆಯುತ್ತೆ ಅನ್ನೋ ಧೈರ್ಯ. ಊರಲ್ಲಿ ಎದುರಿಗೆ ಆಡೋಕೆ ಹೆದರೋ ಮಾತನ್ನೆಲ್ಲ ಇಲ್ಲಿ ರಾಜಾರೋಷವಾಗಿ ಆಡುತ್ತಿದ್ದೆವು. ಎರಡನೇ ವಾರ ನಾನು ಕೊನೆಗೂ ಸಿನಿಮಾ ನೋಡಿದೆ. ಹೆಲೆನ್ ಚೀಟಿ ಮುಂದಿಟ್ಟಳು. ಇಂಗ್ಲಿಷಿನಲ್ಲಿ ಬರೆದರೆ ಅವಳು ಓದುತ್ತಾಳೆ, ಜಾಣನ ಹಾಗೆ ಬರೆಯಬೇಕಾಗುತ್ತೆ. ಬೇಡಪ್ಪ ಅಂತ ಕನ್ನಡದಲ್ಲಿ ಗೀಚಿದೆ. "ತಿಂದದ್ದು ಅರಗದೆ ಚುಚ್ಚಿಕೊಂಡವರಿಗೆ ಅಯ್ಯೋ ಅನ್ನೋದು ಯಾಕೆ? ಇಂಥವನು ಒಬ್ಬ ಇದ್ದರೆ ಇಡೀ ಮನೆ ಮುಳುಗುತ್ತೆ. ಇಂಥ ಮನೆಗೆ ಹೆಣ್ಣು ಕೊಡಲೂಬಾರದು, ಇಂಥ ಮನೆಯಿಂದ ಹೆಣ್ಣು ತರಲೂಬಾರದು."

ಮಾತು ನನ್ನದೂ ಅಲ್ಲ ಅನ್ನಬಹುದು. ನಮ್ಮ ಬೀದಿಯ ಜಗುಲಿಗಳಲ್ಲಿ, ಮದುವೆ ಮನೆಗಳಲ್ಲಿ ಕೇಳಿ ಕೇಳಿ ಒಳಗೆ ಕೂತಿದ್ದು, ಪೆನ್ಸಿಲ್ ಸಿಕ್ಕಿದಾಗ ತಾನೇ ಹೊರಗೆ ಬಂತು. ಆದರೆ ಬರೆದದ್ದು ನಾನೇ ತಾನೇ? ಹೆಲೆನ್ ಕನ್ನಡಕ ಏರಿಸಿ, "ಆಹಾ, ಎಷ್ಟು ದುಂಡಗಿನ ಅಕ್ಷರ! ಏನು ಬರೆದೆ?" ಅಂದಳು. "ಒಳ್ಳೇ ಸಿನಿಮಾ ಅಂತ" ಅಂದೆ. ಅವಳು ತಾನೇ ಅದನ್ನ ಬೋರ್ಡಿನ ನಟ್ಟನಡುವೆ ಹೊಡೆದಳು, ಬಂದವರಿಗೆಲ್ಲ ತೋರಿಸಿದಳು. ಮಂಗಳವಾರದ ವರದಿಯಲ್ಲಿ ಅದನ್ನ ನಾನು ಸೇರಿಸಲೇ ಇಲ್ಲ. ಮುಚ್ಚಿಟ್ಟಿದ್ದಲ್ಲ, ಮರೆತೇಹೋಗಿತ್ತು. ಅಷ್ಟು ಸಲೀಸಾಗಿ ಬರೆದಿದ್ದೆ.

ಆ ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ ಮಧ್ಯಾಹ್ನ, ನಾನು ಒಳಗೆ ಸೀಟುಗಳ ನಡುವೆ ಗುಡಿಸಿ ಹೊರಗೆ ಬಂದರೆ ಬೋರ್ಡಿನ ಮುಂದೆ ರೇಣು! ಡ್ಯೂಟಿ ಅದಲುಬದಲು ಮಾಡಿಕೊಂಡು, ನನಗೆ ಹೇಳದೆ ಬಂದು, ನಾನು ಬಕೆಟ್ ಚೆಲ್ಲೋಕೆ ಹೋಗಿದ್ದಾಗ ಹೆಲೆನ್ ಕೈಲಿ ಟಿಕೆಟ್ ಹರಿಸಿಕೊಂಡು, ಹಿಂದಿನ ಸಾಲಿನಲ್ಲಿ ಕೂತು ಸಿನಿಮಾ ನೋಡಿದ್ದಳು. ನೀಲಿ ಕೋಟು ಮಳೆಗೆ ತೊಯ್ದು ಹೆಗಲ ಹತ್ತಿರ ಕಪ್ಪಾಗಿತ್ತು. ಕೈಯಲ್ಲಿ ಅರ್ಧ ಖಾಲಿಯಾದ ಪಾಪ್‌ಕಾರ್ನ್ ಪೊಟ್ಟಣ. ನನಗೆ ಹಿಗ್ಗೋ ಹಿಗ್ಗು.

"ಹೇಗಿತ್ತೇ?" ಅಂದೆ.

ಅವಳು ತಿರುಗಲಿಲ್ಲ. "ಈ ಅಕ್ಷರ ನಿಂದೇ ಅಲ್ವಾ?"

"ಮತ್ತೆ! ಇಡೀ ಮೆಲ್ಬರ್ನ್‌ಗೆ ಕಾಣೋ ಹಾಗೆ ಹಾಕಿದ್ದಾಳೆ ನೋಡು ಮುದುಕಿ. ಯಾರಿಗೂ ಓದೋಕೆ ಬರಲ್ಲ, ಮಜಾ ಅಲ್ವಾ?"

"ನಂಗೆ ಬರುತ್ತೆ" ಅಂದಳು ರೇಣು.

ಪೊಟ್ಟಣವನ್ನ ನನ್ನ ಕೈಗೆ ಕೊಟ್ಟು, ಕೋಟಿನ ಗುಂಡಿ ಹಾಕಿಕೊಂಡು, ಟ್ರಾಮ್ ಸ್ಟಾಪಿನ ಕಡೆ ನಡೆದಳು. ತಲೆನೋವಿರಬೇಕು ಅಂದುಕೊಂಡೆ. ದಡ್ಡ ಶಿಖಾಮಣಿ! ಅವಳು ಬಿಟ್ಟುಹೋದ ಪಾಪ್‌ಕಾರ್ನನ್ನ ನಿಂತಲ್ಲೇ ತಿಂದು ಮುಗಿಸಿದೆ.

ಶನಿವಾರ ಬೆಳಗ್ಗೆ ಡಬ್ಬ ಬಗ್ಗಿಸಿದೆ. ಎಂಟು ಚೀಟಿ. ಐದನೆಯದು ಅವಳ ಕೈಬರಹ, ಇಂಗ್ಲಿಷಿನಲ್ಲಿ, ಎಲ್ಲರೂ ಓದಲಿ ಅಂತ ಬಿಡಿಬಿಡಿಯಾಗಿ ಬರೆದಿದ್ದಳು. "ಅವನು ಬಸ್ಸು ಹತ್ತಲಿಲ್ಲ ಅಂತ ಎಲ್ಲರೂ ಬರೆದಿದ್ದೀರಿ. ಚೀಲ ತುಂಬಿಕೊಂಡು ಬಸ್‌ಸ್ಟಾಪಿನವರೆಗೆ ನಡೆದು ಬಂದನಲ್ಲ, ಅದನ್ನು ಯಾರೂ ಬರೆದಿಲ್ಲ. ಆ ನಡಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ನನ್ನ ಅಣ್ಣ ಮೂರು ಸಲ ನಡೆದಿದ್ದಾನೆ."

ಬುಲೆಟ್ ಮೇಲೆ ನಗುತ್ತಿದ್ದವನು, ಮನೇಲಿದ್ದವನು. ನಾನು ಸೀದಾ ಹೋಗಿ ನನ್ನ ಚೀಟಿ ಕೀಳೋಕೆ ಕೈ ಹಾಕಿದೆ. ಹಿಂದಿನಿಂದ ಹೆಲೆನ್ ದನಿ, "ಪ್ರಸನ್ನ! ಏನದು?" ಅವಳಿಗೆ ಎಲ್ಲಾ ಹೇಳಿದೆ, ಚೀಟಿಯಲ್ಲಿ ಇದ್ದದ್ದನ್ನ ಪದಕ್ಕೆ ಪದ ಇಂಗ್ಲಿಷಿನಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ಕೇಳಿದಾಗ ಅದು ಇನ್ನೂ ಕೆಟ್ಟದಾಗಿತ್ತು. ಹೆಲೆನ್ ಕನ್ನಡಕ ಇಳಿಸಿ, "ಅವಳು ಓದಿಯಾಯಿತಲ್ಲ. ಈಗ ಕಿತ್ತರೆ ಯಾರಿಗೋಸ್ಕರ ಕಿತ್ತ ಹಾಗೆ? ಇರಲಿ. ಅವಳದನ್ನೂ ಹೊಡಿ" ಅಂದಳು. ಹೊಡೆದೆ. ಸಿನಿಮಾ ಬದಲಾಗೋವರೆಗೆ ಇನ್ನೂ ಹನ್ನೊಂದು ದಿನ ಆ ಎರಡು ಚೀಟಿಗಳ ಮುಂದೆಯೇ ಟಿಕೆಟ್ ಹರಿದೆ. ಜನ ಅವಳ ಚೀಟಿಯನ್ನ ನಿಂತು ಓದೋರು. ಒಬ್ಬಾತ ಅದರ ಕೆಳಗೆ ಇನ್ನೊಂದು ಚೀಟಿ ಹಾಕಿದ, "ನಿಮ್ಮ ಅಣ್ಣನಿಗೆ ನನ್ನ ನಮಸ್ಕಾರ ಹೇಳಿ" ಅಂತ. ಗುರುತಿಲ್ಲ, ಪರಿಚಯವಿಲ್ಲ. ಅವನಿಗೆ ತೋಚಿದ್ದು ನನಗೆ ತೋಚಲಿಲ್ಲ.

ಭಾನುವಾರ ಅವಳ ಬಾಗಿಲು ಬಡಿದೆ, ತೆಗೆಯಲಿಲ್ಲ. ಫೋನ್ ಎತ್ತಲಿಲ್ಲ. ಮಂಗಳವಾರಗಳು ಬಂದವು, ಹೋದವು. ಆಗಸ್ಟ್ ಕೊನೆಗೆ ಪದ್ಮಾ ಆಂಟಿಯಿಂದ ಗೊತ್ತಾಯಿತು, ರೇಣು ಪ್ಯಾರಮಟ್ಟಾ ಹತ್ತಿರ ಒಂದು ಆಸ್ಪತ್ರೆಗೆ ಸೇರಿ ಸಿಡ್ನಿಗೆ ಹೊರಟುಹೋಗಿದ್ದಳು. ಆಂಟಿ ಕೋಪದಲ್ಲೇ ಇದ್ದರು. "ಅವಳಣ್ಣ ಬೆಂಗ್ಳೂರಲ್ಲಿ ಇಂಜಿನಿಯರಿಂಗ್ ಓದೋವಾಗ ಅದಕ್ಕೆ ಬಿದ್ದನಂತೆ. ನಂಗೆ ಎಂದೋ ಹೇಳಿದ್ಲು. ನಿಂಗೆ ತಾನೇ ಹೇಳ್ತೀನಿ, ನೀವು ಸುಮ್ನಿರಿ ಆಂಟಿ ಅಂದಿದ್ಲು ಕಣೋ ಪಾಪಿ" ಅಂದರು.

ಸೆಪ್ಟೆಂಬರಿನಲ್ಲಿ, ಇಲ್ಲಿನ ವಸಂತ ಶುರುವಾದಾಗ, ರಜ ಹಾಕಿ ಸಿಡ್ನಿಗೆ ರೈಲು ಹತ್ತಿದೆ. ಬೆಳಗಿನ ರೈಲು, ಹನ್ನೊಂದು ಗಂಟೆ ಪ್ರಯಾಣ. ಕಿಟಕಿಯ ಹೊರಗೆ ಏನಿತ್ತೋ ದೇವರಾಣೆ ನೆನಪಿಲ್ಲ. ಕ್ಷಮಾಪಣೆಯನ್ನ ಪರೀಕ್ಷೆಗೆ ಓದಿದ ಹಾಗೆ ಉರುಹಚ್ಚುತ್ತಾ ಹೋದೆ. ಬರ್ತೀನಿ ಅಂತ ಆಂಟಿಯ ಕೈಲಿ ಹೇಳಿಸಿದ್ದೆ, ಒಪ್ಪಿಕೊಂಡಿದ್ದಳು. ಮಾರನೇ ದಿನ ಪ್ಯಾರಮಟ್ಟಾದಲ್ಲಿ, ಫೆರ‍್ರಿ ನಿಲ್ಲೋ ಜಾಗದ ಹತ್ತಿರ ನದಿ ಮುಂದಿನ ಬೆಂಚಿನಲ್ಲಿ ಅವಳ ಊಟದ ಬಿಡುವಿನಲ್ಲಿ ಸಿಕ್ಕಿದಳು. ಸಣ್ಣಗಾಗಿದ್ದಳು. ಡಬ್ಬಿ ತೆಗೆದು, "ಚಿತ್ರಾನ್ನ ಇದೆ, ತಿನ್ನು" ಅಂತ ಮುಚ್ಚಳಕ್ಕೆ ಹಾಕಿಕೊಟ್ಟಳು. ಆ ಮುಚ್ಚಳ ಹಿಡಿದುಕೊಂಡೇ ನಾನು ಶುರುಮಾಡಿದೆ.

ಇಪ್ಪತ್ತು ನಿಮಿಷ ಮಾತಾಡಿದೆ. ನಾನು ಹೇಗೆ ಬೆಳೆದೆ, ನಮ್ಮ ಬೀದಿಯಲ್ಲಿ ಜನ ಹೇಗೆ ಮಾತಾಡುತ್ತಾರೆ, ನಾನು ನಿಜವಾಗಿ ಅಂಥವನಲ್ಲ, ಆ ಚೀಟಿ ನೋಡಿದ ದಿನದಿಂದ ನನಗೆ ಊಟ ಸೇರಲ್ಲ, ನಾನು ನಿನ್ನ ಬಿಟ್ಟಿರಲಾರೆ, ನಮ್ಮಮ್ಮನ್ನ ನಾನು ಒಪ್ಪಿಸ್ತೀನಿ, ನಾನು ನಾನು ನಾನು. ಕಣ್ಣಲ್ಲಿ ನೀರೂ ಬಂತು. ನಾನು ಸುಸ್ತಾಗಿ ನಿಲ್ಲಿಸಿದ ಮೇಲೆ ಕೈಚೌಕ ಕೊಟ್ಟಳು.

"ನೀನು ಕೆಟ್ಟವ್ನಲ್ಲ ಕಣೋ, ನಂಗೊತ್ತು. ಇಷ್ಟು ದೂರ ಬಂದೆ, ಖುಷಿಯಾಯ್ತು" ಅಂದಳು. ಆಮೇಲೆ ನದಿ ಕಡೆ ತಿರುಗಿ, "ಆದ್ರೆ ಇಷ್ಟೊತ್ತು ಪೂರ್ತಿ ನಿನ್ನ ಸುದ್ದೀನೇ ಹೇಳ್ದೆ ಪ್ರಸನ್ನ. ಅವ್ನು ಹೇಗಿದ್ದಾನೆ ಅಂತ ಕೇಳ್ಲಿಲ್ಲ. ಅವ್ನ ಹೆಸ್ರೇನು ಅಂತಾನೂ ಕೇಳ್ಲಿಲ್ಲ. ಒಂದು ವರ್ಷದ ಸ್ನೇಹದಲ್ಲಿ ಒಂದ್ಸಲಾನೂ ಕೇಳಿಲ್ಲ."

ನಾನು ಬಾಯಿ ತೆರೆದೆ.

"ಬೇಡ. ಈಗ ಕೇಳ್ಬೇಡ. ನಾನು ಹೇಳ್ಕೊಟ್ಟು ಕೇಳಿಸ್ಕೊಳ್ಳೋ ಹಾಗಾಗ್ಬಾರ್ದು" ಅಂದಳು. ಗಡಿಯಾರ ನೋಡಿಕೊಂಡು, ಮುಚ್ಚಳ ಇಸಕೊಂಡು, ನಾನು ತಿನ್ನದೇ ಬಿಟ್ಟ ಚಿತ್ರಾನ್ನವನ್ನ ಮತ್ತೆ ಡಬ್ಬಿಗೆ ಹಾಕಿಕೊಂಡು ಎದ್ದಳು. "ರೈಲಿನಲ್ಲಿ ಏನಾದ್ರೂ ತಿನ್ನು. ಹೊಟ್ಟೆ ಖಾಲಿ ಬಿಟ್ಕೋಬೇಡ." ಆಸ್ಪತ್ರೆ ಬಸ್ಸಿನ ಕಡೆ ಬೇಗಬೇಗ ನಡೆದುಹೋದಳು.

ಮುಂದಿನ ವರ್ಷ ಪಿಆರ್ ಬಂತು. ಸಿಡ್ನಿಯಲ್ಲೇ ಕೆಲಸ ಹುಡುಕಿಕೊಂಡೆ. ಯಾಕೆ ಅಂತ ಕೇಳಿದವರಿಗೆ ಇಲ್ಲಿ ಚಳಿ ಕಡಿಮೆ ಅಂದೆ. ನಾನು ಬಂದ ಮೇಲೆ ಗೊತ್ತಾಯಿತು, ಅವಳು ಅಷ್ಟರಲ್ಲಿ ತನ್ನ ಪಿಆರ್ ಆಸೆ ಬಿಟ್ಟು ದಾವಣಗೆರೆಗೆ, ಅಣ್ಣನ ಹತ್ತಿರಕ್ಕೆ ವಾಪಸ್ ಹೋಗಿದ್ದಳು. ನನಗೆ ಆಮೇಲೆ ಮದುವೆಯಾಯಿತು, ಒಳ್ಳೆಯ ಹೆಂಡತಿ, ಅವಳಿಗೆ ಈ ಕಥೆಯೆಲ್ಲ ಗೊತ್ತು. ಮಗಳಿದ್ದಾಳೆ, ರೌಸ್ ಹಿಲ್‌ನಲ್ಲಿ ಮನೆಯಿದೆ, ಮಾರ್ಟ್‌ಗೇಜ್ ಇದೆ, ಕೊರತೆ ಅಂತ ಏನೂ ಇಲ್ಲ. ಆದರೂ ಆ ಮಂಗಳವಾರಗಳು ಬೇಕು ಅನಿಸುತ್ತೆ. ಬೇಕೇಬೇಕು ಅನಿಸುತ್ತೆ. ಆಫೀಸಿಗೆ ಹೋಗುವಾಗ ಪ್ಯಾರಮಟ್ಟಾದಲ್ಲಿ ಆ ನದಿ ದಾಟಬೇಕು. ಎಷ್ಟೋ ದಿನ ಅಲ್ಲಿಳಿದು, ಅದೇ ಬೆಂಚಿನ ಹತ್ತಿರ ನಿಂತು, ಕೇಳಬೇಕಾಗಿದ್ದನ್ನ ಮೆಲ್ಲಗೆ ಬಾಯಿಬಿಟ್ಟು ಕೇಳಿದ್ದೇನೆ. ಪಕ್ಕದಲ್ಲಿ ಓಡಾಡೋ ಜನ ಫೋನಿನಲ್ಲಿ ಮಾತಾಡುತ್ತಿದ್ದಾನೆ ಅಂದುಕೊಂಡು ಹೋಗುತ್ತಾರೆ.

ಪದ್ಮಾ ಆಂಟಿಗೆ ಈಗ ಎಪ್ಪತ್ತೈದು. ಹಬ್ಬಕ್ಕೆ ಫೋನ್ ಮಾಡುತ್ತೇನೆ. ಒಂದು ಮಾತು ಕೇಳಿದರೆ ಸಾಕು, ಹೇಳಿಬಿಡುತ್ತಾರೆ. ಪ್ರತಿ ಸಲ ನಾಲಿಗೆ ತುದಿಯವರೆಗೆ ಬರುತ್ತೆ, ಆರೋಗ್ಯ ನೋಡಿಕೊಳ್ಳಿ ಆಂಟಿ ಅಂತ ಇಟ್ಟುಬಿಡುತ್ತೇನೆ. ಅದನ್ನ ನಾನು ರೇಣುನ್ನೇ ಕೇಳಿ ತಿಳಿದುಕೊಳ್ಳಬೇಕಿತ್ತು. ಅವಳ ಅಣ್ಣನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.